ಚಂದ್ರನ ಮಣ್ಣಿಗೆ ರಾಜಧನ ಯಾರಿಗೆ ಕಟ್ಟಬೇಕು?

ಹತ್ತು ಸೆಂಟ್‌ಗೆ ಚೆಕ್ ಬರೆದ ಸರ್ಕಾರಿ ಸಂಸ್ಥೆಯ ಬಗ್ಗೆ ಕೇಳಿದ್ದೀರಾ? ಅಮೆರಿಕದ ನಾಸಾ ಬರೆದಿದೆ. 2020ರ ಡಿಸೆಂಬರಿನಲ್ಲಿ ಅದು ಚಂದ್ರನ ಮಣ್ಣು ಕೊಳ್ಳಲು ನಾಲ್ಕು ಕಂಪನಿಗಳನ್ನು ಆರಿಸಿತು. ಅವುಗಳಲ್ಲಿ ಲೂನಾರ್ ಔಟ್‌ಪೋಸ್ಟ್ ಎಂಬ ಕೊಲೊರಾಡೊದ ಕಂಪನಿ ಕೇಳಿದ ಬೆಲೆ ಒಂದೇ ಒಂದು ಡಾಲರ್. ಮುಂಗಡ ಶೇ 10ರಷ್ಟು, ಅಂದರೆ ಹತ್ತು ಸೆಂಟ್. ಮಣ್ಣನ್ನು ಭೂಮಿಗೆ ತರುವ ಗೊಡವೆಯೂ ಇಲ್ಲ. ಅಲ್ಲೇ ಒಂದಿಷ್ಟು ಬಾಚಿ, ಚಿತ್ರ ತೆಗೆದು ಕಳಿಸಿ, ಹಕ್ಕನ್ನು ನಾಸಾಕ್ಕೆ ವರ್ಗಾಯಿಸಿದರೆ ಮುಗಿಯಿತು.

ನಗು ಬರುವುದು ಸಹಜ. ಆದರೆ ಅಪೊಲೊ ಯಾತ್ರಿಗಳು ತಂದ 382 ಕಿಲೊ ಕಲ್ಲುಮಣ್ಣು ಇಟ್ಟುಕೊಂಡಿರುವವರಿಗೆ ಇನ್ನೊಂದು ಹಿಡಿ ಮಣ್ಣು ಯಾಕೆ? ಅವರಿಗೆ ಬೇಕಿದ್ದದ್ದು ಕ್ರಯಪತ್ರ. ಚಂದ್ರನ ಮೇಲಿನ ವಸ್ತುವನ್ನು ಒಬ್ಬ ಮಾರಿದ, ಇನ್ನೊಬ್ಬ ಕೊಂಡ, ಯಾರೂ ತಕರಾರು ತೆಗೆಯಲಿಲ್ಲ ಎಂಬ ದಾಖಲೆ ಒಮ್ಮೆ ನಿಂತರೆ ನಾಳೆ ಅದೇ ಕಾನೂನಾಗುತ್ತದೆ. ವ್ಯಾಪಾರ ಮಾತ್ರ ಕುದುರಲಿಲ್ಲ. 2025ರ ಮಾರ್ಚ್‌ನಲ್ಲಿ ಆ ಕಂಪನಿಯ ರೋವರನ್ನು ಹೊತ್ತಿದ್ದ ಅಥೀನಾ ನೌಕೆ ಚಂದ್ರನ ಮೇಲೆ ಮಗ್ಗುಲಾಗಿ ಬಿತ್ತು. ರೋವರ್ ಹೊರಗೆ ಬರಲೇ ಇಲ್ಲ. ಇದೇ ಪಟ್ಟಿಯಲ್ಲಿದ್ದ ಜಪಾನಿನ ಐಸ್ಪೇಸ್ ಕಂಪನಿಯ ನೌಕೆಗಳು 2023ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಅಪ್ಪಳಿಸಿ ಪುಡಿಯಾದವು.

1967ರ ಬಾಹ್ಯಾಕಾಶ ಒಪ್ಪಂದದ ಎರಡನೇ ವಿಧಿ ಚಿಕ್ಕದು, ಖಡಾಖಂಡಿತವಾದದ್ದು. ಯಾವ ದೇಶವೂ ಸಾರ್ವಭೌಮತ್ವದ ಹೆಸರಿನಲ್ಲಾಗಲಿ, ಬಳಕೆಯಿಂದಾಗಲಿ, ಆಕ್ರಮಿಸಿಕೊಂಡಾಗಲಿ ಚಂದ್ರನನ್ನು ತನ್ನದಾಗಿಸಿಕೊಳ್ಳುವಂತಿಲ್ಲ. ಆದರೆ ಅಗೆದು ತೆಗೆದ ವಸ್ತು ಯಾರದು ಎಂಬುದನ್ನು ಅದು ಹೇಳುವುದಿಲ್ಲ. ಆ ಸಂದಿಯಲ್ಲೇ ಅಮೆರಿಕ 2015ರಲ್ಲಿ ತನ್ನ ಕಾನೂನನ್ನು ತೂರಿಸಿತು: ಜಾಗ ಯಾರದೂ ಅಲ್ಲ, ತೆಗೆದದ್ದು ಮಾತ್ರ ತೆಗೆದವನದು. ಲಕ್ಸೆಂಬರ್ಗ್ 2017ರಲ್ಲಿ, ಯುಎಇ 2019ರಲ್ಲಿ, ಜಪಾನ್ 2021ರಲ್ಲಿ ಇದೇ ಹಾದಿ ಹಿಡಿದವು. ಇವರ ವಾದಕ್ಕೆ ಸಮುದ್ರದ ಮೀನೇ ಆಧಾರ. ನಡುಗಡಲು ಯಾರ ಸ್ವತ್ತೂ ಅಲ್ಲ, ಆದರೆ ಬಲೆಗೆ ಬಿದ್ದ ಮೀನು ಬೆಸ್ತನದಲ್ಲವೇ?

ವಾದ ತಳಬುಡವಿಲ್ಲದ್ದೇನಲ್ಲ. ಆದರೆ ಅದೇ ಸಮುದ್ರದ ತಳಕ್ಕಿಳಿದರೆ ನಿಯಮ ಬೇರೆಯಿದೆ ಎಂಬುದನ್ನು ಅವರು ಹೇಳುವುದಿಲ್ಲ. ಆಳಸಮುದ್ರದ ಖನಿಜ ಮನುಕುಲದ ಸಾಮಾನ್ಯ ಆಸ್ತಿ. ಅದಕ್ಕೊಂದು ಪ್ರಾಧಿಕಾರವಿದೆ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೊಮೀಟರ್‌ನಲ್ಲಿ ಖನಿಜದ ಗಂಟುಗಳನ್ನು ಹುಡುಕಲು ಭಾರತ ಇದೇ ಪ್ರಾಧಿಕಾರದೊಂದಿಗೆ ಕರಾರು ಮಾಡಿಕೊಂಡಿದೆ. ಜಗತ್ತಿನ ಪಾಲು, ಅಗೆಯುವವನ ಪಾಲು ಎರಡನ್ನೂ ಲೆಕ್ಕಕ್ಕಿಡುವ ಪದ್ಧತಿ ಕನಸಿನ ಮಾತಲ್ಲ ಎನ್ನಲು ಇಷ್ಟು ಸಾಕು. (ಅಮೆರಿಕ ಆ ಪ್ರಾಧಿಕಾರದ ಸದಸ್ಯನೇ ಅಲ್ಲ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಅದನ್ನು ಬದಿಗೊತ್ತಿ ತಮ್ಮದೇ ಪರವಾನಗಿಗೆ ಆದೇಶ ಹೊರಡಿಸಿದರು. ಚಂದ್ರನ ವಿಷಯದಲ್ಲಿ ಅವರಿಂದ ಏನು ನಿರೀಕ್ಷಿಸಬಹುದು ಎಂಬುದನ್ನು ಊಹಿಸಿಕೊಳ್ಳಿ.)

ಪರಮಾಣು ಸಮ್ಮಿಲನಕ್ಕೆ ಇಂಧನವಾದೀತು ಎನ್ನುವ ಹೀಲಿಯಂ-3 ಅನಿಲದ ಮಾತು ಬಂದರೆ ನಮ್ಮ ಟಿವಿ ವಾಹಿನಿಗಳು ಕುಣಿದಾಡುತ್ತವೆ. ಒಂದು ಗ್ರಾಂ ಬೇಕಾದರೆ ನೂರು ಟನ್ನಿಗೂ ಹೆಚ್ಚು ಮಣ್ಣನ್ನು ಕಾಯಿಸಬೇಕು, ಅದನ್ನು ಉರಿಸುವ ಸಮ್ಮಿಲನ ಸ್ಥಾವರ ಇನ್ನೂ ಹುಟ್ಟಿಲ್ಲ. ಸದ್ಯಕ್ಕೆ ಅದನ್ನು ಬಿಡಿ.

ನಿಜವಾದ ಜಗಳ ನೀರಿಗೆ, ಅದಕ್ಕಿಂತ ಹೆಚ್ಚಾಗಿ ಜಾಗಕ್ಕೆ. ಚಂದ್ರನ ಅಕ್ಷದ ಓರೆ ಬರೀ ಒಂದೂವರೆ ಡಿಗ್ರಿ. ಹಾಗಾಗಿ ದಕ್ಷಿಣ ಧ್ರುವದಲ್ಲಿ ಸೂರ್ಯ ನೆತ್ತಿಗೇರುವುದೇ ಇಲ್ಲ, ದಿಗಂತವನ್ನು ತಾಗಿಕೊಂಡೇ ಸುತ್ತುತ್ತಾನೆ. ಶ್ಯಾಕಲ್ಟನ್‌ನಂಥ ಕುಳಿಯ ಅಂಚಿಗೆ ವರ್ಷದ ಬಹುಪಾಲು ಬಿಸಿಲು, ತಳಕ್ಕೆ ಕೋಟ್ಯಂತರ ವರ್ಷಗಳಿಂದ ಕತ್ತಲು. ಅಂಚಿನಲ್ಲಿ ವಿದ್ಯುತ್, ಕೆಳಗಿನ ಕತ್ತಲಲ್ಲಿ ಹಿಮ. ಹಿಮವನ್ನು ಒಡೆದರೆ ಉಸಿರಾಡಲು ಆಮ್ಲಜನಕ, ರಾಕೆಟ್‌ಗೆ ಇಂಧನ. ಇಂಥ ಅಂಚುಗಳು ಬೆರಳೆಣಿಕೆಯಷ್ಟು. ಮನುಷ್ಯರನ್ನು ಮತ್ತೆ ಚಂದ್ರನಿಗೆ ಕಳಿಸುವ ಅಮೆರಿಕದ ಆರ್ಟೆಮಿಸ್ ಯೋಜನೆಗೂ ಚೀನಾ-ರಷ್ಯಾ ಜೊತೆಗೂಡಿ ಕಟ್ಟಬೇಕೆಂದಿರುವ ನೆಲೆಗೂ ಕಣ್ಣಿರುವುದು ಇದೇ ದಕ್ಷಿಣ ಧ್ರುವದ ಮೇಲೆ.

ಅಮೆರಿಕದ ಮುಂದಾಳತ್ವದಲ್ಲಿ ದೇಶಗಳು ಸಹಿ ಹಾಕುವ 2020ರ ಆರ್ಟೆಮಿಸ್ ಒಡಂಬಡಿಕೆಯಲ್ಲಿ 'ಸುರಕ್ಷತಾ ವಲಯ' ಎಂಬ ಅಂಶವಿದೆ. ನನ್ನ ಯಂತ್ರಕ್ಕೆ ಧಕ್ಕೆಯಾಗದಂತೆ ಸುತ್ತಲಿನ ಇಷ್ಟು ಜಾಗಕ್ಕೆ ಬರುವ ಮುನ್ನ ನನಗೆ ತಿಳಿಸು, ನನ್ನೊಂದಿಗೆ ಹೊಂದಿಸಿಕೊ ಎನ್ನುವ ಏರ್ಪಾಡು. ಚಂದ್ರನ ಮೇಲೆ ನೌಕೆ ಇಳಿಯುವಾಗ ಏಳುವ ದೂಳು ಬಹುದೂರ ಚಿಮ್ಮುವುದರಿಂದ ತಾಂತ್ರಿಕವಾಗಿ ಇದು ಸರಿ. ಆದರೆ ವಲಯ ಎಷ್ಟು ಅಗಲ, ಎಷ್ಟು ವರ್ಷ, ತಗಾದೆ ಬಂದರೆ ತೀರ್ಪು ಕೊಡುವವರು ಯಾರು? ಬೇಲಿ ಹಾಕಲಿಲ್ಲ, ಬೋರ್ಡು ನೆಟ್ಟೆ ಅಷ್ಟೇ ಎಂದರೆ ಜಾಗ ಕೈಬಿಟ್ಟಂತಾಯಿತೇ? ಚೀನಾ ಮೊದಲು ಹೋಗಿ ಉಳಿದವರನ್ನು ಆಚೆ ಇರಿಸೀತು ಎಂದು ನಾಸಾ ಮುಖ್ಯಸ್ಥರಾಗಿದ್ದ ಬಿಲ್ ನೆಲ್ಸನ್ ಬಹಿರಂಗವಾಗಿಯೇ ಆತಂಕ ತೋಡಿಕೊಂಡಿದ್ದರು. ಅವರು ಮಾಡಿದರೆ ಒತ್ತುವರಿ, ನಾವು ಮಾಡಿದರೆ ಸುರಕ್ಷತೆ! 2011ರಿಂದ ನಾಸಾ ಚೀನಾದೊಂದಿಗೆ ನೇರವಾಗಿ ವ್ಯವಹರಿಸದಂತೆ ಅಮೆರಿಕದ ಸಂಸತ್ತೇ ಕಟ್ಟುಹಾಕಿದೆ. ಮಾತೇ ಆಡದ ಇಬ್ಬರು ಒಂದೇ ಕುಳಿಯ ಅಂಚಿಗೆ ಇಳಿಯಲಿದ್ದಾರೆ.

ಇನ್ನು ನಮ್ಮ ವಿಷಯ. ಚಂದ್ರನ ಸಂಪತ್ತು ಮನುಕುಲದ ಸಾಮಾನ್ಯ ಪರಂಪರೆ ಎನ್ನುವ 1979ರ ಚಂದ್ರ ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು. ಅನುಮೋದನೆ ಇಂದಿಗೂ ಆಗಿಲ್ಲ. 2023ರ ಏಪ್ರಿಲ್‌ನಲ್ಲಿ ಪ್ರಕಟವಾದ ನಮ್ಮ ಬಾಹ್ಯಾಕಾಶ ನೀತಿ, ಖಾಸಗಿಯವರು ಬಾಹ್ಯಾಕಾಶದ ಸಂಪನ್ಮೂಲವನ್ನು ತೆಗೆದು ಇಟ್ಟುಕೊಳ್ಳಬಹುದು, ಮಾರಲೂಬಹುದು ಎಂದಿತು. ಅದಾಗಿ ಎರಡೇ ತಿಂಗಳಿಗೆ ವಾಷಿಂಗ್ಟನ್‌ನಲ್ಲಿ ಆರ್ಟೆಮಿಸ್ ಒಡಂಬಡಿಕೆಗೆ ಸಹಿ ಬಿತ್ತು, ನಾವು 27ನೆಯವರು. ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದ ಚಪ್ಪಾಳೆಯಲ್ಲಿ ಎರಡು ದೋಣಿಯಲ್ಲಿಟ್ಟ ಕಾಲಿನ ಬಗ್ಗೆ ಕೇಳುವವರು ಯಾರು? 2017ರ ಬಾಹ್ಯಾಕಾಶ ಚಟುವಟಿಕೆ ಮಸೂದೆ ಕರಡಾಗಿಯೇ ಉಳಿಯಿತು. ನೀತಿ ಇದೆ, ಕಾನೂನಿಲ್ಲ.

ಕೋಲಾರದ ಚಿನ್ನವನ್ನು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಹೊತ್ತೊಯ್ದ ಕಥೆ ನಮಗೆ ಗೊತ್ತು. ಲಾಭದ ಸಿಂಹಪಾಲು ಲಂಡನ್ನಿಗೇ ಹೋಯಿತು. ಆದರೂ ಗುತ್ತಿಗೆಯ ಕಾಗದವಿತ್ತು, ಮೈಸೂರು ಸಂಸ್ಥಾನಕ್ಕೆ ರಾಜಧನ ಕಟ್ಟಬೇಕಿತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದ ಸಯನೈಡ್ ಗುಡ್ಡಗಳ ಬಗ್ಗೆ ಕೇಳಲು ಒಂದು ಸರ್ಕಾರವಾದರೂ ಇದೆ. ಚಂದ್ರನಲ್ಲಿ ಅಷ್ಟೂ ಇಲ್ಲ.

ಅಗೆಯಲೇಬಾರದು ಎನ್ನುವವನು ನಾನಲ್ಲ. ಚಂದ್ರನಲ್ಲಿ ನೀರಿನ ಅಂಶವಿದೆ ಎಂದು 2009ರಲ್ಲಿ ಜಗತ್ತಿಗೆ ತಿಳಿದದ್ದೇ ನಮ್ಮ ಚಂದ್ರಯಾನ-1 ಹೊತ್ತೊಯ್ದ ನಾಸಾ ಉಪಕರಣದಿಂದ. ಆ ಋಣವೊಂದೇ ಸಾಕು, ಭಾರತ ದನಿ ಎತ್ತಲು. ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯಡಿ ಒಂದು ಕಾರ್ಯಗುಂಪು ಇದೇ ಸಂಪನ್ಮೂಲಗಳ ಬಗ್ಗೆ ತತ್ವಗಳನ್ನು ರೂಪಿಸುತ್ತಿದೆ, ಅದರ ಗಡುವು 2027. ಯಾರು ಎಲ್ಲಿ ಅಗೆಯುತ್ತಾರೆ ಎಂಬ ಬಹಿರಂಗ ನೋಂದಣಿ, ವಲಯಕ್ಕೆ ಅಳತೆ ಮತ್ತು ಅವಧಿ, ತಕರಾರು ಕೇಳಲು ಒಂದು ಪೀಠ ಬೇಕೆಂದು ಭಾರತ ಅಲ್ಲಿ ಬರವಣಿಗೆಯಲ್ಲಿ ಕೇಳಲಿ. ಅದಕ್ಕೂ ಮೊದಲು ನಮ್ಮ ಕರಡು ಮಸೂದೆಯನ್ನು ಹೊಸದಾಗಿ ಬರೆದು ಸಂಸತ್ತಿಗೆ ತರಲಿ. ಇಸ್ರೊ ಇರುವ ಊರಿನ ಸಂಸದರಾದರೂ ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಬಹುದಲ್ಲ.