ಅಟ್ಟಕ್ಕೂ ಒಂದು ಉತಾರ ಬೇಕು

ಗದಗಿನಲ್ಲಿ ನನ್ನ ಓರಗೆಯವರ ಬದುಕಿಗೆ ಒಂದು ಸಿದ್ಧ ಕ್ರಮವಿದೆ: ಡಿಗ್ರಿ, ನೌಕರಿ, ಲಗ್ನ, ಊರ ಹೊರಗೊಂದು ಪ್ಲಾಟು, ಅದರ ಮೇಲೊಂದು ಮನೆ, ಆಮೇಲೆ ಮಕ್ಕಳಿಗೆ ಇನ್ನೂ ದೊಡ್ಡ ಡಿಗ್ರಿ. ಮಗ್ಗದ ಕೂಲಿಯನ್ನೇ ನಂಬಿದ್ದ ಬೆಟಗೇರಿಯ ಎಷ್ಟೋ ಮನೆತನಗಳನ್ನು ಬಡತನದಿಂದ ಮೇಲೆತ್ತಿದ್ದು ಇದೇ ಕ್ರಮವಾದ್ದರಿಂದ ಅದನ್ನು ಹಗುರವಾಗಿ ಆಡಿಕೊಳ್ಳುವ ಅಧಿಕಾರ ನನಗಿಲ್ಲ. ಆದರೆ ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ, ರಾಯಚೂರು, ಕೊಪ್ಪಳ, ವಿಜಯಪುರದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆಂದು ತಾರುಣ್ಯದ ವರುಷಗಳನ್ನು ಸವೆಸುವುದನ್ನು ಕಂಡವರಿಗೆ, ಇಷ್ಟೆಲ್ಲ ಜನ ಇಷ್ಟು ಕಿರಿದಾದ ಒಂದೇ ಬಾಗಿಲಿನ ಮುಂದೆ ಏಕೆ ನಿಂತಿದ್ದಾರೆ ಎಂಬ ಸಂಶಯ ಬಾರದೇ ಇರದು. ಆ ಸಂಶಯ ಬಂದವರು ಯಾರ ಬಳಿ ಕುಳಿತು ಮಾತಾಡಬೇಕು, ಅಂಥವರು ಎಲ್ಲಿ ಸಿಗುತ್ತಾರೆ ಎಂಬ ಪ್ರಶ್ನೆಗೆ, ನಾನು ಹುಟ್ಟಿ ಬೆಳೆದ ಸೀಮೆಯೂ ಈಗ ನೆಲೆಸಿರುವ ಜರ್ಮನಿಯ ನೈಋತ್ಯ ಮೂಲೆಯ ಫ್ರೈಬುರ್ಗ್ ನಗರವೂ ತೀರ ಬೇರೆಯಾದ ಉತ್ತರಗಳನ್ನು ಕೊಡುತ್ತವೆ.

ಫ್ರೈಬುರ್ಗ್‌ನಲ್ಲಿ ರೂಢಿಯ ಬದುಕನ್ನು ಪ್ರಶ್ನಿಸುವುದು ಸುಲಭ, ಏಕೆಂದರೆ ಹಾಗೆ ಪ್ರಶ್ನಿಸುವವರಿಗೆ ಕಾಯ್ದೆಯಲ್ಲೇ ಒಂದಿಷ್ಟು ಜಾಗವಿದೆ. 2001ರಿಂದ ಜಾರಿಯಲ್ಲಿರುವ ಅರೆಕಾಲಿಕ ದುಡಿಮೆಯ ಕಾಯ್ದೆಯ ಪ್ರಕಾರ, 15ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಆರು ತಿಂಗಳು ಮೀರಿ ದುಡಿದವರು ತಮ್ಮ ಕೆಲಸದ ಅವಧಿಯನ್ನು ಇಳಿಸುವಂತೆ ಕೇಳಬಹುದು. ಸಂಸ್ಥೆಯ ಕಡೆಯಿಂದ ಗಟ್ಟಿಯಾದ ಕಾರಣವಿಲ್ಲದಿದ್ದರೆ ಮಾಲೀಕರು ಅದನ್ನು ನಿರಾಕರಿಸುವಂತಿಲ್ಲ. ಸಂಬಳ ಕಡಿಮೆಯಾದರೂ ಸರಿ, ವಾರಕ್ಕೆ ನಾಲ್ಕೇ ದಿನ ಬರುತ್ತೇನೆಂದು ನಾನು ಬರೆದುಕೊಟ್ಟಾಗ ಕಚೇರಿಯಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಅದೇ ಸುದ್ದಿ ಗದಗಿಗೆ ಮುಟ್ಟಿದಾಗ ನಮ್ಮ ಕಾಕಾ ಫೋನಿನಲ್ಲಿ ಕೇಳಿದ ಮೊದಲ ಮಾತು, "ತಮ್ಮಾ, ಖರೇ ಹೇಳು, ನೌಕರಿ ಹೋತೇನು?" ಎಂಬುದು. ಒಬ್ಬ ಮನುಷ್ಯ ತಾನಾಗಿ ಬಯಸಿ ಕಡಿಮೆ ದುಡಿಯುತ್ತಾನೆಂಬುದನ್ನು ಅವರು ನಂಬಲು ಬಹಳ ಹೊತ್ತು ಹಿಡಿಯಿತು. ನಂಬಿದ ಮೇಲೆ, ನನಗೆ ಯಾವುದೋ ರೋಗ ಇರಬೇಕೆಂಬ ಆತಂಕ ಅವರಿಗೆ ಶುರುವಾಯಿತು.

ಇಲ್ಲಿ ಸಮಾನಮನಸ್ಕರನ್ನು ಹುಡುಕುವುದು ಕೂಡ ಕ್ರಮಬದ್ಧವಾದ ವ್ಯವಹಾರವೇ. ಯಾವ ವಿಚಾರಕ್ಕಾದರೂ ಒಂದು ಫೆರೈನ್, ಅಂದರೆ ನೋಂದಾಯಿತ ಸಂಘ, ಮೊದಲೇ ಇರುತ್ತದೆ. ಇಲ್ಲದಿದ್ದರೆ ಏಳು ಜನ ಕೂಡಿ ಉದ್ದೇಶವನ್ನೂ ನಿಯಮಗಳನ್ನೂ ಬರೆದು ನ್ಯಾಯಾಲಯದ ದಾಖಲೆಗೆ ಸೇರಿಸಿದರೆ ಸಂಘ ಹುಟ್ಟಿಕೊಳ್ಳುತ್ತದೆ. ಕೆಟ್ಟುಹೋದ ಮಿಕ್ಸರನ್ನು ಎಸೆಯದೆ ಕೂಡಿ ಕುಳಿತು ರಿಪೇರಿ ಮಾಡುವವರಿದ್ದಾರೆ. ಒಬ್ಬ ರೈತನ ಇಡೀ ವರ್ಷದ ಖರ್ಚನ್ನು ಮೊದಲೇ ಹಂಚಿಕೊಂಡು, ಬೆಳೆ ಬಂದಷ್ಟನ್ನು ಪಾಲು ಮಾಡಿಕೊಳ್ಳುವ ಬಳಗಗಳಿವೆ. 1992ರಲ್ಲಿ ಫ್ರೆಂಚ್ ಸೈನ್ಯ ಬಿಟ್ಟುಹೋದ ನೆಲೆಯ ಮೇಲೆ ಎದ್ದ ವೊಬಾನ್ ಬಡಾವಣೆಯಲ್ಲಂತೂ ತಮಗೆ ಕಾರಿಲ್ಲವೆಂದು ಲಿಖಿತವಾಗಿ ಘೋಷಿಸಿದ ಕುಟುಂಬಗಳು ನೂರಾರು. ಕಾರು ಬೇಕೆನ್ನುವವರು ಬಡಾವಣೆಯ ಅಂಚಿನ ಗ್ಯಾರೇಜಿನಲ್ಲಿ ದುಬಾರಿ ಬೆಲೆ ತೆತ್ತು ಜಾಗ ಕೊಳ್ಳಬೇಕು.

ಇವೆಲ್ಲವೂ ಮೆಚ್ಚತಕ್ಕವು, ಮತ್ತು ಇವುಗಳಲ್ಲಿ ಕೆಲವಕ್ಕೆ ನಾನೂ ಸದಸ್ಯ. ಆದರೂ ಈ ಪದ್ಧತಿಯಲ್ಲಿ ಒಮ್ಮತ ಮೊದಲು, ಮುಖಪರಿಚಯ ಆಮೇಲೆ. ಉದ್ದೇಶಪತ್ರವನ್ನು ಓದಿ ಒಪ್ಪಿದವರೇ ಒಳಗೆ ಬರುವುದರಿಂದ, ಸಂಘವೆಂಬುದು ಒಂದು ಜರಡಿಯಾಗಿ, ಒಂದೇ ಬಗೆಯ ಓದು, ಹೆಚ್ಚುಕಡಿಮೆ ಒಂದೇ ಸಂಬಳ, ಒಂದೇ ಪಕ್ಷದ ಕಡೆಗೆ ಒಲವು ಇರುವವರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕೊಳ್ಳುಬಾಕತನದ ವಿರುದ್ಧ ಗಂಟೆಗಟ್ಟಲೆ ಮಾತು ನಡೆಯುವ ಸಭೆಗಳಿಗೆ, ಸಂಜೆ ಕಚೇರಿಗಳ ನೆಲ ಒರೆಸಿ ಕೊನೆಯ ಟ್ರಾಮ್ ಹಿಡಿಯುವ, ಜೀವಮಾನದಲ್ಲಿ ಕಾರು ಕೊಳ್ಳದ, ಹರಿದ ಬಟ್ಟೆಯನ್ನು ಹೊಲಿದು ಉಡುವ ವಲಸಿಗ ಹೆಂಗಸರು ಬಂದದ್ದನ್ನು ನಾನು ನೋಡಿಲ್ಲ. ಸಭೆಯವರು ಬಯಸುವ ಬದುಕನ್ನು ಅವರು ಬೇರೆ ದಾರಿಯಿಲ್ಲದೆ ಆಗಲೇ ಬದುಕುತ್ತಿದ್ದಾರೆ. ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಕೌತುಕದ ಸಂಗತಿಯೆಂದರೆ, ಈ ನಗರದ ಪರ್ಯಾಯ ಬದುಕಿನ ಬೇರುಗಳು ಇಂಥ ಒಮ್ಮತದಲ್ಲಿಲ್ಲ. ಇಲ್ಲಿಂದ ಸ್ವಲ್ಪ ಉತ್ತರಕ್ಕೆ, ರೈನ್ ನದಿಯ ದಂಡೆಯ ವೀಲ್ ಎಂಬ ಹಳ್ಳಿಯಲ್ಲಿ ಅಣುಸ್ಥಾವರ ಕಟ್ಟಲು ಹೊರಟಾಗ, 1975ರ ಫೆಬ್ರುವರಿಯಲ್ಲಿ ಜನ ನುಗ್ಗಿ ಆ ಜಾಗವನ್ನು ವಶಪಡಿಸಿಕೊಂಡರು. ನುಗ್ಗಿದವರಲ್ಲಿ ಮುಂದೆ ಇದ್ದವರು ಸುತ್ತಲಿನ ದ್ರಾಕ್ಷಿ ಬೆಳೆಗಾರರು: ಭಾನುವಾರ ತಪ್ಪದೆ ಚರ್ಚಿಗೆ ಹೋಗುವ, ಸಂಪ್ರದಾಯಸ್ಥ ಪಕ್ಷಕ್ಕೆ ಮತ ಹಾಕುತ್ತ ಬಂದಿದ್ದ ಜನ. ಸ್ಥಾವರದ ಗೋಪುರಗಳ ಹಬೆಯಿಂದ ಹವೆ ಬದಲಾಗಿ ದ್ರಾಕ್ಷಿ ಕೆಡುತ್ತದೆಂಬುದು ಅವರ ಚಿಂತೆ. ಅವರ ಪಕ್ಕದಲ್ಲಿ ನಿಂತವರು ಫ್ರೈಬುರ್ಗ್‌ನ ಉದ್ದಗೂದಲಿನ ವಿದ್ಯಾರ್ಥಿಗಳು. ಬೇರೆ ಯಾವ ಸಂದರ್ಭದಲ್ಲೂ ಈ ಎರಡು ಗುಂಪುಗಳು ಒಂದೇ ಮೇಜಿಗೆ ಕೂಡುತ್ತಿರಲಿಲ್ಲ. ತಿಂಗಳುಗಟ್ಟಲೆ ಆ ಕಾಡಿನಲ್ಲಿ ಕೂಡಿ ಅಡಿಗೆ ಮಾಡಿ, ಕಟ್ಟಿಗೆಯ ಒಂದು ಮನೆ ಕಟ್ಟಿ, ಅದರಲ್ಲಿ ಜನತಾ ಶಾಲೆ ತೆರೆದು, ಉಪನ್ಯಾಸ ಕೇಳಿ ಜಗಳಾಡಿದ ಮೇಲೆ ಅವರು ಒಂದೇ ಮನಸ್ಸಿನವರಾದರು. ಸ್ಥಾವರ ಕಟ್ಟಲಾಗಲೇ ಇಲ್ಲ. ಇಂದಿನ ವೊಬಾನ್‌ನವರು ಆ ಹೋರಾಟದ ಫಲ ಉಣ್ಣುತ್ತಿದ್ದಾರೆ, ಆದರೆ ಆ ಹೋರಾಟ ಜನರನ್ನು ಕೂಡಿಸಿದ ರೀತಿಯನ್ನು ಬಿಟ್ಟುಕೊಟ್ಟಿದ್ದಾರೆ ಎಂಬುದು ನನ್ನ ಅನಿಸಿಕೆ.

ವೀಲ್‌ನ ಕತೆಯನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಹಾನಗಲ್ ತಾಲ್ಲೂಕಿನ ಕುಸನೂರು. 1984ರಲ್ಲಿ ಸರಕಾರವೂ ಒಂದು ಖಾಸಗಿ ಕಾರ್ಖಾನೆಯೂ ಸೇರಿ ಕಟ್ಟಿದ ಜಂಟಿ ಕಂಪನಿಗೆ, ಹಳ್ಳಿಗರು ದನ ಮೇಯಿಸುವ, ಉರುವಲು ತರುವ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿ ಬೆಳೆಯಲು ಕೊಡುವ ಒಪ್ಪಂದವಾಯಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಕೂಡಿ ನೀಲಗಿರಿ ಸಸಿಗಳನ್ನು ಕಿತ್ತು ಜನರಿಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹವೆಂದು ಹೆಸರಾದ ಆ ಚಳವಳಿಯ ಹಿಂದಿದ್ದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಒಮ್ಮೆ ನನ್ನ ಹಾಗೆಯೇ ಹೊರನಾಡ ಕನ್ನಡಿಗರು. ಅಮೆರಿಕದ ನೌಕರಿಯನ್ನು ಬಿಟ್ಟು 1979ರಲ್ಲಿ ಅವರು ಬಂದು ನೆಲೆಸಿದ್ದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ. ಅಲ್ಲಿನ ಕುರಿಗಾಹಿಗಳಾಗಲಿ ಕೂಲಿಕಾರರಾಗಲಿ ಆಧುನಿಕ ಬದುಕಿನ ಬಗ್ಗೆ ಅವರ ವಿಚಾರಗಳನ್ನು ಓದಿ ಒಪ್ಪಿ ಬಂದವರಾಗಿರಲಿಲ್ಲ. ಮೇವಿನ ನೆಲ ಹೋಗುತ್ತದೆಂಬ ಸಂಕಟವೊಂದೇ ಕುಸನೂರಿನಲ್ಲಿ ಎಲ್ಲರಿಗೂ ಸಮಾನವಾಗಿತ್ತು. 1991ರಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು.

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಹೊಲಗಳನ್ನು ಪೋಸ್ಕೊ ಉಕ್ಕಿನ ಕಾರ್ಖಾನೆಗೆ ತೆಗೆದುಕೊಳ್ಳಲು ಸರಕಾರ ಮುಂದಾದಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದರು, ಯೋಜನೆ ನಿಂತಿತು. ಮುಂದೆ ಕಪ್ಪತಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸುವ ಹೋರಾಟದಲ್ಲೂ ಮಠ, ರೈತರು, ಕಾಲೇಜಿನ ಮಾಸ್ತರರು, ಮಾರ್ಕ್ಸ್‌ವಾದಿಗಳು ಒಂದೇ ಚಪ್ಪರದ ಕೆಳಗೆ ಕೂತರು, ಮತ್ತು 2019ರಲ್ಲಿ ಆ ಗುಡ್ಡ ವನ್ಯಜೀವಿಧಾಮವಾಯಿತು. ಮಠದ ಶಿವಾನುಭವ ಗೋಷ್ಠಿಗೆ ಬರುವವರನ್ನು ಬಾಗಿಲಲ್ಲಿ ನಿಲ್ಲಿಸಿ ನಿಮ್ಮ ತತ್ತ್ವವೇನೆಂದು ಯಾರೂ ಕೇಳುತ್ತಿರಲಿಲ್ಲ. ಇನ್ನೂ ಹಿಂದೆ ಹೋದರೆ ಶಿಶುನಾಳದ ಶರೀಫರು ಮತ್ತು ಕಳಸದ ಗೋವಿಂದಭಟ್ಟರು ಇದ್ದಾರೆ. ಮಾಸ್ತರಿಕೆ ಬಿಟ್ಟು ಬಂದ ಮುಸಲ್ಮಾನ ತರುಣನನ್ನು ಶಿಷ್ಯನೆಂದು ಒಪ್ಪಿ ಸ್ವಜಾತಿಯವರ ನಿಷ್ಠುರ ಕಟ್ಟಿಕೊಂಡ ಗುರುವೂ ಆ ಶಿಷ್ಯನೂ ಕೂಡಿ ಉದ್ದೇಶಪತ್ರ ಬರೆಯಲು ಕುಳಿತಿದ್ದರೆ ಮೊದಲ ಸಾಲಿನಲ್ಲೇ ಇಬ್ಬರಿಗೂ ತಕರಾರು ಬರುತ್ತಿತ್ತು.

ಧಾರವಾಡದ ಅಟ್ಟವೂ ಇದೇ ಜಾಯಮಾನದ್ದು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯೆಂಬ ಪ್ರಕಾಶನ ಸಂಸ್ಥೆಯ ಆ ಮಹಡಿ ಕೋಣೆಗೆ ಬೇಂದ್ರೆಯವರೂ, ಕೀರ್ತಿನಾಥ ಕುರ್ತಕೋಟಿಯವರೂ, ತರುಣ ಗಿರೀಶ ಕಾರ್ನಾಡರೂ ಹತ್ತಿ ಬರುತ್ತಿದ್ದುದು ಪುಸ್ತಕ ಹೊರತರುವ ಕೆಲಸದ ಸುತ್ತ. ಅಲ್ಲಿ ಅಭಿಪ್ರಾಯಗಳು ಕೂಡುತ್ತಿದ್ದುದಕ್ಕಿಂತ ಸಿಡಿಯುತ್ತಿದ್ದುದೇ ಹೆಚ್ಚೆಂದು ಹಿರಿಯರು ಹೇಳುತ್ತಾರೆ. ಅದಕ್ಕೂ ಮೊದಲು, 1920ರ ದಶಕದಲ್ಲಿ, ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ಇತ್ತು. 1932ರಲ್ಲಿ ಒಂದು ಕವಿತೆಯ ಕಾರಣಕ್ಕೆ ಸೆರೆಮನೆಗೆ ಹೋಗಿ, ಆಮೇಲೆ ನೌಕರಿಯಿಲ್ಲದೆ ವರುಷಗಳನ್ನು ಕಳೆದ ಮನುಷ್ಯನಿಗೆ ಅಂಥ ಗೆಳೆತನ ಬರಿಯ ಸಾಹಿತ್ಯದ ಮಾತಾಗಿರಲಿಕ್ಕಿಲ್ಲ.

ಇಷ್ಟು ಹೇಳಿ ಊರಿನ ಹೊಗಳಿಕೆಗೆ ನಿಂತುಬಿಟ್ಟರೆ ಅದು ಹೊರನಾಡಿನವರಿಗೆ ಅಂಟಿದ ಹಳೆಯ ಚಾಳಿಯಾಗುತ್ತದೆ. ನಮ್ಮ ಸೀಮೆಯ ಈ ಕೂಟಗಳೆಲ್ಲ ಮನುಷ್ಯನ ಮಾತಿಗೆ ಜಾಗ ಕೊಟ್ಟಷ್ಟು ಧಾರಾಳವಾಗಿ ಅವನ ಬದುಕಿಗೆ ಜಾಗ ಕೊಟ್ಟಿಲ್ಲ. ಸಭೆಯಲ್ಲಿ ಜಾತಿಯನ್ನು ಖಂಡಿಸಿ ಚಪ್ಪಾಳೆ ಗಿಟ್ಟಿಸಿದವರು ಮನೆಗೆ ಹೋಗಿ ಮಗಳಿಗೆ ಸ್ವಜಾತಿಯ ವರ ಹುಡುಕುವುದನ್ನು ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಅಟ್ಟಕ್ಕೆ ಹತ್ತಿದವರ ಹೆಸರುಗಳನ್ನು ನೆನೆಯುವಾಗ ಹೆಣ್ಣುಮಕ್ಕಳ ಹೆಸರು ಎಷ್ಟು ಬರುತ್ತವೆ ಎಂದು ಕೇಳಿಕೊಂಡರೂ ಸಾಕು. ನನ್ನ ಪರಿಚಯದ ಒಬ್ಬ ಹುಡುಗಿ, ಹುಬ್ಬಳ್ಳಿಯಲ್ಲಿ ಒಳ್ಳೆಯ ಸಂಬಳದವಳು, ಲಗ್ನ ಬೇಡವೆಂದು ನಿರ್ಧರಿಸಿದ್ದಾಳೆ. ಅವಳ ವಿಚಾರಗಳನ್ನು ಕೇಳಿ ತಲೆದೂಗುವ ಹಿರಿಯರಿಗೆ ಕೊರತೆಯಿಲ್ಲ, ಆದರೆ ಅವರಲ್ಲೊಬ್ಬರೂ ತಮ್ಮ ಮೇಲಿನ ಮಹಡಿಯನ್ನು ಅವಳಿಗೆ ಬಾಡಿಗೆಗೆ ಕೊಟ್ಟಿಲ್ಲ. "ನಮಗೇನೂ ಇಲ್ಲವಾ, ಓಣ್ಯಾಗಿನ ಮಂದಿ ಏನಂತಾರು" ಎಂಬುದು ಅವರ ಉತ್ತರ. ಓಣಿಯ ಮಂದಿಯನ್ನು ಕೇಳಿದರೆ ಅವರೂ ಇದನ್ನೇ ಅನ್ನುತ್ತಾರೆ.

ಈ ಜಾಗದಲ್ಲಿ ಫ್ರೈಬುರ್ಗ್‌ನಿಂದ ಕಲಿಯುವುದಿದೆ. ಇಲ್ಲಿನ ಹಳೆಯ ಯಂತ್ರ ಕಾರ್ಖಾನೆಯೊಂದರ ಆವರಣದಲ್ಲಿ ಮನೆ ಮಾಡಿಕೊಂಡವರು, ಮುಂದೆ ಯಾರೂ ತಮ್ಮನ್ನು ಎಬ್ಬಿಸಬಾರದು ಮತ್ತು ತಾವೂ ಅದನ್ನು ಮಾರಿ ಲಾಭ ಮಾಡಿಕೊಳ್ಳುವಂತಾಗಬಾರದು ಎಂಬ ಎರಡೂ ಚಿಂತೆಗಳಿಗೆ ಒಂದೇ ಉಪಾಯ ಕಂಡುಕೊಂಡರು. ಅವರು 1992ರಲ್ಲಿ ಕಟ್ಟಿದ ಮೀಟ್ಸ್‌ಹಾಯ್ಸರ್ ಸಿಂಡಿಕಾಟ್ ಎಂಬ ಬಾಡಿಗೆ ಮನೆಗಳ ಒಕ್ಕೂಟದಲ್ಲಿ ಪ್ರತಿ ಮನೆಯ ಒಡೆತನ ಒಂದು ಕಂಪನಿಯದು. ಆ ಕಂಪನಿಗೆ ಪಾಲುದಾರರು ಇಬ್ಬರೇ, ವಾಸಿಸುವವರ ಸಂಘ ಮತ್ತು ಸಿಂಡಿಕಾಟ್. ಬಾಡಿಗೆ ಎಷ್ಟು, ಹೊಸಬರು ಯಾರು, ಹಿತ್ತಲಿನಲ್ಲಿ ಏನು ಬೆಳೆಯಬೇಕು ಎಂಬುದೆಲ್ಲ ವಾಸಿಸುವವರ ತೀರ್ಮಾನ. ಮನೆಯನ್ನು ಮಾರುವ ಮಾತು ಬಂದರೆ ಮಾತ್ರ ಸಿಂಡಿಕಾಟ್ ಬೇಡವೆನ್ನಬಹುದು, ಮತ್ತು ಅದು ಬೇಡವೆನ್ನುತ್ತದೆ. ಮೊದಲ ಬಂಡವಾಳದ ದೊಡ್ಡ ಪಾಲು ಗೆಳೆಯರು, ಬಂಧುಗಳು ಕಡಿಮೆ ಬಡ್ಡಿಗೆ ಕೊಡುವ ಸಣ್ಣ ಸಣ್ಣ ಸಾಲಗಳಿಂದ ಬರುತ್ತದೆ, ಬಾಡಿಗೆಯಿಂದ ಅದು ತೀರುತ್ತದೆ. ಇಂಥ 150ಕ್ಕೂ ಹೆಚ್ಚು ಮನೆಗಳು ಈಗ ಜರ್ಮನಿಯಲ್ಲಿವೆ. ವಿಚಾರಕ್ಕೆ ಹೀಗೆ ಉತಾರದ, ಅಂದರೆ ಒಡೆತನದ ದಾಖಲೆಯ, ಬಲ ಸಿಕ್ಕಿದರೆ, ಅದನ್ನು ಆರಂಭಿಸಿದವರು ಸತ್ತ ಮೇಲೂ ಜಗಳಾಡಿ ಬೇರೆಯಾದ ಮೇಲೂ ಮನೆ ಉಳಿಯುತ್ತದೆ. ನಮ್ಮಲ್ಲಿ ಹಿರಿಯರೊಬ್ಬರ ಕಾಲ ಮುಗಿದರೆ ಅವರ ಸುತ್ತಲಿನ ಕೂಟವೂ ಮುಗಿಯುತ್ತದೆ, ಕೋಣೆ ಮಕ್ಕಳ ಪಾಲಿಗೆ ಹೋಗುತ್ತದೆ, ಪಾಲಾದದ್ದು ಅಪಾರ್ಟ್‌ಮೆಂಟ್ ಆಗುತ್ತದೆ.

ಇದು ನಮಗೆ ಒಗ್ಗದ ಪರದೇಶದ ವಿದ್ಯೆಯೆಂದು ಗದಗಿನವರು ಹೇಳುವಂತಿಲ್ಲ. 1904ರ ಸಹಕಾರಿ ಸಂಘಗಳ ಕಾಯ್ದೆ ಬಂದ ಮರುವರ್ಷವೇ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು ಅಲ್ಲಿಯೇ ಪಕ್ಕದ ಕಣಗಿನಹಾಳದಲ್ಲಿ. ಕುಂದಗೋಳ ತಾಲ್ಲೂಕಿನ ತೀರ್ಥ ಎಂಬ ಹಳ್ಳಿಯ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜ ಉಳಿಸಿ, ಸಂಸ್ಕರಣೆಯ ಘಟಕ ನಡೆಸಿ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆದರು. ಅವರು ಕೂಡಿದ್ದು ನವಣೆ, ಸಾವಿಯ ಸುತ್ತ, ಯಾವ ಸಿದ್ಧಾಂತದ ಸುತ್ತಲೂ ಅಲ್ಲ. ಕರ್ನಾಟಕದ 1997ರ ಸೌಹಾರ್ದ ಸಹಕಾರಿ ಕಾಯ್ದೆ ಸದಸ್ಯರಿಗೆ ತಮ್ಮ ಉಪವಿಧಿಗಳನ್ನು ತಾವೇ ರೂಪಿಸಿಕೊಳ್ಳಲು ಸಾಕಷ್ಟು ಸ್ವಾತಂತ್ರ್ಯ ಕೊಡುತ್ತದೆ. ಧಾರವಾಡದ ಮಾಳಮಡ್ಡಿಯಲ್ಲಿ, ಮಕ್ಕಳು ಪುಣೆ, ಬೆಂಗಳೂರು, ಅಮೆರಿಕ ಸೇರಿದ್ದರಿಂದ ಬೀಗ ಬಿದ್ದ ಹೆಂಚಿನ ಮನೆಗಳು ಇನ್ನೂ ಕೆಲವು ಉಳಿದಿವೆ. ಅಂಥದೊಂದು ಮನೆಯನ್ನು ಸಹಕಾರಿ ಸಂಘದ ಹೆಸರಿಗೆ ಕೊಂಡು, ಮಾರಾಟಕ್ಕೆ ಹೊರಗಿನ ಇನ್ನೊಂದು ಸಂಸ್ಥೆಯ ಒಪ್ಪಿಗೆ ಬೇಕೆಂಬ ಷರತ್ತು ಹಾಕುವುದು ಅಸಾಧ್ಯವೇನಲ್ಲವೆಂದು ನಾನು ಗೆಳೆಯರ ಮುಂದೆ ಹೇಳಿದಾಗ, ಬ್ಯಾಂಕಿನಲ್ಲಿರುವ ಒಬ್ಬ ಗೆಳೆಯನ ಆಕ್ಷೇಪ ನೇರವಾಗಿತ್ತು: "ಮಾರೂ ಹಕ್ಕ ಇಲ್ಲದ ಮನೀಗೆ ಯಾರ್ ರೊಕ್ಕ ಹಾಕ್ತಾರೋ ಮಾರಾಯಾ?"

ಹಾಕುವವರು ಇದ್ದಾರೆ, ಮತ್ತು ಅವರಲ್ಲಿ ಬಹಳಷ್ಟು ಜನ ನನ್ನ ಹಾಗೆ ಹೊರಗಿರುವವರೇ. ಊರಿನ ನೆನಪಿಗೆಂದು ಯಾರೂ ವಾಸಿಸದ ಫ್ಲ್ಯಾಟನ್ನು ಹುಬ್ಬಳ್ಳಿಯಲ್ಲಿ ಕೊಂಡಿಡುವ ಹಣದ ಒಂದು ಪಾಲನ್ನು ಕಡಿಮೆ ಬಡ್ಡಿಯ ಸಾಲವಾಗಿ ಕೊಟ್ಟರೆ ಅದು ದಾನವೂ ಆಗುವುದಿಲ್ಲ, ನಷ್ಟವೂ ಆಗುವುದಿಲ್ಲ. ಆದರೆ ಸಾಲ ಕೊಟ್ಟ ಕಾರಣಕ್ಕೆ ಆ ಮನೆಯಲ್ಲಿ ಯಾರಿರಬೇಕೆಂದು ಗೊತ್ತುಮಾಡುವ ಅಧಿಕಾರ ನಮಗೆ ಇರಕೂಡದು. ಇದ್ದರೆ ನಮ್ಮಂತೆಯೇ ಓದಿ, ನಮ್ಮಂತೆಯೇ ಯೋಚಿಸುವವರನ್ನು ನಾವು ಆರಿಸಿ ಕೂಡಿಸುತ್ತೇವೆ, ಮಾಳಮಡ್ಡಿಯಲ್ಲೊಂದು ವೊಬಾನ್ ಆಗುತ್ತದೆ. ಅಡಿಗೆಯ ಪಾಳಿ ಹಿಡಿಯುವ, ಬಾವಿಯ ಹೂಳು ತೆಗೆಸುವ, ತಿಂಗಳ ಲೆಕ್ಕ ಬರೆಯುವ ಜವಾಬ್ದಾರಿಯನ್ನು ಒಪ್ಪುವವರಿಗೆ ಕೋಣೆ ಸಿಗಲಿ. ಲಗ್ನ ಬೇಡವೆಂದ ಹುಡುಗಿ, ಸಪ್ತಾಪುರದ ಪರೀಕ್ಷೆಗಳಿಗೆ ಬೇಸತ್ತು ಸಾವಯವ ಕೃಷಿಗೆ ಹೊರಟ ಹುಡುಗ, ಮಕ್ಕಳು ದೂರವಿರುವ ನಿವೃತ್ತ ಮಾಸ್ತರರು, ಸಂತೆಗೆ ಬೀಜ ತರುವ ಹೆಣ್ಣುಮಕ್ಕಳು ಅಲ್ಲಿ ಕೂಡಿದರೆ ಮೊದಲ ವರ್ಷ ಜಗಳವೇ ಹೆಚ್ಚಾದೀತು. ಉಪವಿಧಿಗಳಲ್ಲಿ ಆ ಜಗಳ ತೀರಿಸುವ ಕ್ರಮವನ್ನು ಬರೆದಿಡಬೇಕೇ ಹೊರತು, ಅದು ಬಾರದಂತೆ ಮೊದಲೇ ಜನರನ್ನು ಸೋಸುವ ಕ್ರಮವನ್ನಲ್ಲ. ಮಾರಾಟ ತಡೆಯುವ ಹೊರಗಿನ ಸಂಸ್ಥೆ ಯಾವುದಾಗಿರಬೇಕೆಂಬ ತೊಡಕು ಇನ್ನೂ ಬಗೆಹರಿದಿಲ್ಲ. ಮಠವಾಗಲಿ ಎಂದು ಕೆಲವರೆನ್ನುತ್ತಾರೆ, ವಿಶ್ವವಿದ್ಯಾಲಯವಾಗಲಿ ಎಂದು ಕೆಲವರು. ಒಂದೇ ಸಂಸ್ಥೆಗೆ ಅಷ್ಟು ಅಧಿಕಾರ ಕೊಡದೆ, ಇಂಥ ಎರಡು ಮೂರು ಮನೆಗಳು ಎದ್ದು ಅವೇ ಒಂದಕ್ಕೊಂದು ಕಾವಲಾಗಲಿ ಎಂಬ ವಾದಕ್ಕೆ ನನ್ನ ಒಲವು. ಅದಕ್ಕಾಗಿ ಧಾರವಾಡದ ಜೊತೆಗೇ ಗದಗಿನಲ್ಲೂ ಹಾವೇರಿಯಲ್ಲೂ ಒಂದೊಂದು ಮನೆ ಹುಡುಕಬೇಕಾಗುತ್ತದೆ.