ಕನ್ನಂಬಾಡಿ ಕಟ್ಟೆ, ತೂಬು ಮತ್ತು ನಮ್ಮ ಹಾರ್ಡ್ ಡಿಸ್ಕ್

ತಂಗಿ ಮಗಳ ಮದುವೆ ಆಗಿ ಎರಡು ತಿಂಗಳಾದ ಮೇಲೆ ಸ್ಟುಡಿಯೊದವರು ಫೋಟೊ, ವಿಡಿಯೊ ಎಲ್ಲವನ್ನೂ ನಮ್ಮದೇ ಹಾರ್ಡ್ ಡಿಸ್ಕಿಗೆ ತುಂಬಿ ಕೊಟ್ಟರು. ಒಟ್ಟು 320 ಜಿಬಿ. ಡಿಸ್ಕ್ ವಾಪಸ್ ಬಂತು, ಅದರ ಕೇಬಲ್ ಬರಲಿಲ್ಲ. ನಾನೂ ಕೇಳಲಿಲ್ಲ. ಮನೆಯಲ್ಲಿ ಹಳೇ ಫೋನಿನ ಕೇಬಲ್ ಒಂದಿತ್ತು. ಸಿಕ್ಕಿಸಿದೆ, ಲೈಟ್ ಉರಿಯಿತು. ಇನ್ನೇನು ಬೇಕು ಅಂದುಕೊಂಡೆ.

ಸಂಜೆ ಏಳಕ್ಕೆ ಡಿಸ್ಕಿನಿಂದ ಕಂಪ್ಯೂಟರಿಗೆ ಕಾಪಿಗೆ ಹಾಕಿದೆ. ಒಂದು ಗಂಟೆ ಬಾಕಿ ಅಂತ ತೋರಿಸಿತು. ಮುದ್ದೆ ಉಂಡು ಕೈ ತೊಳೆದು ಬಂದರೆ ಎರಡು ಗಂಟೆ ಬಾಕಿ! ವೇಗ ಸೆಕೆಂಡಿಗೆ 33 ಎಂಬಿ. ಒಂಬತ್ತಕ್ಕೆ ಕರೆಂಟ್ ಹೋಯ್ತು. ನಮ್ಮ ಮಂಡ್ಯದಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿದೇ ಕೆಲಸಕ್ಕೆ ಕೂರಬೇಕು, ನಾನು ಹಿಡಿದಿರಲಿಲ್ಲ.

ಮಾರನೇ ದಿನ ಡಿಸ್ಕ್ ಹಿಡಿದುಕೊಂಡು ನೂರಡಿ ರಸ್ತೆ ಕಡೆಯ ಒಂದು ಅಂಗಡಿಗೆ ಹೋದೆ. ಅವರು ಅದನ್ನು ಕೈಗೂ ತಗೊಳ್ಳಲಿಲ್ಲ. 'ಇದು ಹಳೇದು ಸಾರ್, ಇನ್ನು ಸ್ಲೋನೇ. ಎಸ್‌ಎಸ್‌ಡಿ ತಗೊಂಡುಬಿಡಿ' ಅಂದರು. ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲೇ ಎಲ್ಲ ಇಡುವ ಡಿಸ್ಕ್ ಅದು. ತಗೊಳ್ಳೋಣ ಅಂತಲೇ ಇದ್ದೆ. ಯಾವುದಕ್ಕೂ ಇರಲಿ ಅಂತ ಮೈಸೂರಿನಲ್ಲಿರುವ ತಂಗಿ ಮಗನಿಗೆ ಫೋನ್ ಮಾಡಿದೆ.

'ಮಾವ, ಕೇಬಲ್ ಯಾವುದು ಹಾಕಿದ್ದೀರಾ?'

'ಯಾವುದೋ ಫೋನಿಂದು ಕಣೋ.'

ಅವನು ನಗಲು ಶುರುಮಾಡಿದ.

ವಿಷಯ ಇಷ್ಟೇ. ನಮ್ಮದರಂಥ ಡಿಸ್ಕುಗಳಲ್ಲಿ ಕೇಬಲ್ ಸಿಕ್ಕಿಸುವ ಜಾಗ ಅಗಲವಾಗಿ, ಎರಡು ಭಾಗವಾಗಿ ಇರುತ್ತದೆ. ಅದು ಯುಎಸ್‌ಬಿ 3ರದ್ದು, ಅಂದರೆ ಹೊಸ, ಜೋರಾಗಿ ಓಡುವ ಬಗೆಯದ್ದು. ಹಳೇ ಫೋನಿನ ಕೇಬಲ್ ಅದರ ಒಂದು ಭಾಗದಲ್ಲಿ ಸಲೀಸಾಗಿ ಕೂತುಬಿಡುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಜೋರಾಗಿ ಓಡುವ ತಂತಿಗಳೆಲ್ಲ ಇರುವುದು ಪಕ್ಕದ ಇನ್ನೊಂದು ಭಾಗದಲ್ಲಿ. ಅದು ಖಾಲಿ ಉಳಿದರೆ ಡಿಸ್ಕ್ ಸುಮ್ನೆ ಯುಎಸ್‌ಬಿ 2ಕ್ಕೆ ಇಳಿದುಬಿಡುತ್ತದೆ. ಅದು 2000ನೇ ಇಸವಿಯ ಲೆಕ್ಕ. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಬಿಯಲ್ಲಿ 60. ಅದರಲ್ಲೂ ಕೈಗೆ ಸಿಗುವುದು ಮೂವತ್ತರಿಂದ ನಲವತ್ತು. ನನಗೆ ಸಿಕ್ಕಿದ್ದು ಅದೇ ತಾನೇ?

ಕನ್ನಂಬಾಡಿ ಕಟ್ಟೆ 124.80 ಅಡಿ ಭರ್ತಿಯಾಗಿರಲಿ, ನಾಲೆ ತುಂಬ ನೀರು ಹರಿಯುತ್ತಿರಲಿ, ನಮ್ಮ ಗದ್ದೆಗೆ ಬರುವುದು ತೂಬು ಬಿಟ್ಟಷ್ಟೇ. ಇದು ಮಂಡ್ಯದವರಿಗೆ ಹೇಳಿಕೊಡಬೇಕಾದ್ದಲ್ಲ. ಆದರೂ ನಾನು ತೂಬನ್ನು ನೋಡದೆ ಕಟ್ಟೆಯನ್ನೇ ಬೈಯುತ್ತಾ ಕೂತಿದ್ದೆ. ನನಗೆ ಸಿಟ್ಟು ಬಂದದ್ದು ಇಲ್ಲಿ. ಅಂಗಡಿಯವರ ಮಾತು ಕೇಳಿ ಸಾವಿರಾರು ರೂಪಾಯಿ ಕೊಟ್ಟು ಎಸ್‌ಎಸ್‌ಡಿ ತಂದು, ಅದನ್ನೂ ಇಂಥದ್ದೇ ಹಳೇ ಕೇಬಲ್ಲಿಗೆ ಹಾಕಿದ್ದರೆ ಅದೂ ಮೂವತ್ತೋ ನಲವತ್ತೋ ಕೊಡುತ್ತಿತ್ತು! ಮಾರುವವರು ಒಂದು ಸಲ ಕೇಬಲ್ ತೋರಿಸಿ ಅಂತ ಕೇಳಬಾರದಾ? ಡಬ್ಬದ ಮೇಲೆ 5 ಗಿಗಾಬಿಟ್ ಅಂತ ದೊಡ್ಡದಾಗಿ ಅಚ್ಚು ಹಾಕುವವರ ಮೇಲೂ ನನಗೆ ಅಷ್ಟೇ ತಕರಾರಿದೆ. ಅದು ದಾರಿಯ ಅಗಲ. ಒಳಗೆ ತಟ್ಟೆ ತಿರುಗುವ ಡಿಸ್ಕ್ ನೂರು, ನೂರಿಪ್ಪತ್ತು ಎಂಬಿ ಕೊಟ್ಟರೆ ಅದೇ ಜಾಸ್ತಿ. ತುಂಬುತ್ತಾ ತುಂಬುತ್ತಾ ತಟ್ಟೆಯ ಒಳಸುತ್ತಿಗೆ ಬಂದರೆ ಅದೂ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ.

ಸರಿಯಾದ ಕೇಬಲ್ ತಂದೆ. ಮತ್ತೆ 33! ಆಮೇಲೆ ನೋಡಿದರೆ ಕಂಪ್ಯೂಟರಿನ ಮುಂದಿನ ಪೋರ್ಟ್ ಹಳೇ ಯುಎಸ್‌ಬಿ 2ರದ್ದು, ಒಳಗೆ ಕಪ್ಪು. ಹಿಂದೆ ಜೇಡರ ಬಲೆ ಕಟ್ಟಿದ್ದ ಕಡೆ ನೀಲಿ ಬಣ್ಣದ್ದು ಎರಡಿದ್ದವು. ಎಲ್ಲ ಕಂಪನಿಯವರೂ ಈ ಬಣ್ಣ ಪಾಲಿಸುವುದಿಲ್ಲ, ನಮ್ಮದರಲ್ಲಿ ಪಾಲಿಸಿದ್ದರು. ಮೇಜು ಎಳೆದು, ಬಗ್ಗಿ ಹಾಕಿದೆ. 110 ತೋರಿಸಿತು. ಮನೆಯವಳನ್ನು ಕರೆದು ತೋರಿಸಿದೆ. ಅವಳಿಗೆ ಅದರಲ್ಲಿ ಅಂಥದ್ದೇನೂ ಕಾಣಲಿಲ್ಲ.

ವಿಡಿಯೊಗಳೆಲ್ಲ ಸರಸರ ಬಂದವು. ಕೊನೆಗೆ ನೆಂಟರು ವಾಟ್ಸಾಪಿನಲ್ಲಿ ಕಳಿಸಿದ್ದ ಫೋಟೊಗಳ ಫೋಲ್ಡರ್ ಬಂತು. ಸಾವಿರಾರು ಪುಟ್ಟ ಪುಟ್ಟ ಫೈಲು. ವೇಗ 2 ಎಂಬಿಗೆ ಬಿತ್ತು. ಮತ್ತೆ ಅಳಿಯನಿಗೆ ಫೋನ್. ಇದಕ್ಕೆ ಕೇಬಲ್ ಏನೂ ಮಾಡಲಾಗದಂತೆ. ಲಗ್ನಪತ್ರಿಕೆ ಹಂಚಿದ್ದೀರಲ್ಲ, ಹಾಗೇ ಇದು. ಪತ್ರಿಕೆ ಕೈಗಿಡಲು ಒಂದು ನಿಮಿಷ ಸಾಕು, ಮನೆಯಿಂದ ಮನೆಗೆ ಹೋಗಿ, ಕೂತು, ಕಾಫಿ ಬೇಡ ಅಂದರೂ ಕುಡಿದು ಏಳುವುದರೊಳಗೆ ದಿನ ಮುಗಿದಿರುತ್ತದೆ. ಡಿಸ್ಕಿನ ತಟ್ಟೆಯನ್ನು ಓದುವ ಮುಳ್ಳೂ ಒಂದೊಂದು ಫೈಲಿಗೂ ಜಾಗ ಹುಡುಕಿಕೊಂಡು ಹೋಗಬೇಕು. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೇ ಹನ್ನೊಂದು ಮಿಲಿಸೆಕೆಂಡ್ ಬೇಕು. ಕಂಪ್ಯೂಟರಿನಿಂದ ಡಿಸ್ಕಿಗೆ ಹಾಕುವಾಗಲಾದರೆ ಮೊದಲೇ ಎಲ್ಲ ಸೇರಿಸಿ ಒಂದು ಜಿಪ್ ಫೈಲ್ ಮಾಡಿಕೊಂಡರೆ ಬೇಗ ಆಗುತ್ತದಂತೆ. ನನ್ನದು ಉಲ್ಟಾ, ಡಿಸ್ಕಿನಿಂದ ಈಚೆಗೆ. ಕಾದೆ.

ಒಂದು ಮಾತು ಮಾತ್ರ ನೆನಪಿರಲಿ. ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದ್ದರೆ, ಅಥವಾ ಒಂದೇ ಫೈಲಿನ ಹತ್ತಿರ ಪದೇ ಪದೇ ನಿಂತುಬಿಡುತ್ತಿದ್ದರೆ ಈ ಕೇಬಲ್ ಪುರಾಣ ಬಿಡಿ. ಮುಖ್ಯವಾದದ್ದನ್ನು ಮೊದಲು ಬೇರೆ ಕಡೆಗೆ ತೆಗೆದುಕೊಳ್ಳಿ.

ನಮ್ಮ ಡಿಸ್ಕ್ ಈಗ ಬೀರುವಿನಲ್ಲಿದೆ. ಹೊಸ ಕೇಬಲ್ಲನ್ನು ಅದಕ್ಕೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಹಳೇ ಕೇಬಲ್ಲನ್ನು ಅಳಿಯ ಬಂದಾಗ ಬಿಸಾಡಲು ಹೊರಟಿದ್ದ, ನಾನು ಬಿಡಲಿಲ್ಲ. ಟಾರ್ಚ್ ಚಾರ್ಜ್ ಮಾಡಲು ಆಗುತ್ತದೆ.