ಎಲ್ಲಿಗೆ ಅನ್ನುವ ಮೊದಲು ಯಾವ ತಿಂಗಳು ಅಂತ ಕೇಳಿ

"ಜೀವನದಲ್ಲಿ ಒಮ್ಮೆಯಾದರೂ ನೋಡಬೇಕಾದ ಜಾಗಗಳು" ಅಂತ ವಾಟ್ಸಾಪ್‌ನಲ್ಲಿ ಪಟ್ಟಿಗಳು ಬರುತ್ತಲೇ ಇರುತ್ತವೆ. ವಿಕ್ಟೋರಿಯಾ ಜಲಪಾತ, ಬೊಲಿವಿಯಾದ ಉಪ್ಪಿನ ಬಯಲು, ನಾರ್ವೆಯ ಹಸಿರು ಆಕಾಶ, ಮೆಕ್ಸಿಕೋದ ಚಿಟ್ಟೆ ಕಾಡು. ಎಲ್ಲವೂ ನೋಡಬೇಕಾದವೇ. ನನಗೂ ಇವುಗಳ ಮೇಲೆ ಚಿಕ್ಕಂದಿನಿಂದ ಆಸೆ. ಆದರೆ ಈ ಪಟ್ಟಿಗಳಲ್ಲಿ ಒಂದು ಮಾತು ಇರುವುದೇ ಇಲ್ಲ. ಯಾವ ತಿಂಗಳು? ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. ಟಿಕೆಟ್ ದರ, ಹೋಟೆಲು, ವೀಸಾ ಎಲ್ಲ ಆಮೇಲೆ.

ಕೊಡಗಿನಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಬದುಕೇ ತಿಂಗಳ ಲೆಕ್ಕದ್ದು. ಮದ್ದುಸೊಪ್ಪು ವರ್ಷವಿಡೀ ಬೇಲಿ ಬದಿಯಲ್ಲಿ ಇರುತ್ತದೆ, ಆದರೆ ಅದರ ಪಾಯಸ ಮಾಡುವುದು ಕೊಡವ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ. ಆ ಹೊತ್ತಿಗೆ ಅದರ ಬಣ್ಣ, ಪರಿಮಳ ಎರಡೂ ಬೇರೆ.

ಕಾಫಿ ಹೂವಿನ ವಿಷಯವನ್ನೇ ತೆಗೆದುಕೊಳ್ಳಿ. ರೊಬಸ್ಟಾ ಗಿಡದಲ್ಲಿ ಮೊಗ್ಗು ಬೇಸಿಗೆ ಶುರುವಾಗುವಾಗಲೇ ತಯಾರಾಗಿರುತ್ತದೆ. ಆದರೆ ಅರಳುವುದಿಲ್ಲ. ಒಣ ದಿನಗಳಲ್ಲಿ ಸುಮ್ನೆ ನಿದ್ದೆ ಮಾಡುತ್ತಿರುತ್ತದೆ. ಫೆಬ್ರವರಿ ಕೊನೆಗೋ ಮಾರ್ಚ್‌ನಲ್ಲೋ ಒಂದು ಒಳ್ಳೆಯ ಮಳೆ ಬೀಳಬೇಕು. ಹೂಮಳೆ. ಆ ಸಂಜೆ ಊರೆಲ್ಲ ಫೋನು. "ನಿಮ್ಮಲ್ಲಿ ಎಷ್ಟು ಬಂತು?" "ಒಂದು ಇಂಚು ಇಪ್ಪತ್ತು ಸೆಂಟು." (ಮಳೆ ಲೆಕ್ಕದಲ್ಲಿ ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ.) ಅಲ್ಲಿಂದ ಎಂಟು ಹತ್ತು ದಿನ ಕಳೆಯಬೇಕು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಇಡೀ ತೋಟ ಬೆಳ್ಳಗೆ. ಮಲ್ಲಿಗೆಯನ್ನೇ ನೆನಪಿಸುವ ಪರಿಮಳ ರಸ್ತೆವರೆಗೆ ಬರುತ್ತದೆ. ಎಲ್ಲಿ ಕಿವಿಗೊಟ್ಟರೂ ಜೇನ್ನೊಣದ ಸದ್ದು. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಹಾಗಾಗಿ ಎಲ್ಲ ಗಿಡಗಳೂ ಒಟ್ಟಿಗೆ ಅರಳುವುದು ಅದಕ್ಕೆ ಜೀವನ್ಮರಣದ ಪ್ರಶ್ನೆ. ಮೂರ್ನಾಲ್ಕು ದಿನ ಆಯಿತು ಅಂದರೆ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ನನ್ನ ಮಟ್ಟಿಗೆ ಇದು ಪ್ರಪಂಚದ ಯಾವ ಪಟ್ಟಿಯಲ್ಲೂ ಇರಬೇಕಾದ ದೃಶ್ಯ. ಆದರೆ ನಮ್ಮ ಹೋಮ್‌ಸ್ಟೇಗೆ ಫೋನ್ ಮಾಡುವವರಲ್ಲಿ ಜಾಸ್ತಿ ಜನ ಮೇ ತಿಂಗಳಿಗೆ ರೂಮ್ ಕೇಳಿ, "ಕಾಫಿ ಹೂ ಇರುತ್ತಲ್ವಾ?" ಅನ್ನುತ್ತಾರೆ. ಅವರ ತಪ್ಪಲ್ಲ. ಅವರು ನೋಡಿದ ಫೋಟೋದ ಕೆಳಗೆ ಯಾರೂ ತಿಂಗಳು ಬರೆದಿರಲಿಲ್ಲ.

ಪ್ರಪಂಚದ ದೊಡ್ಡ ದೊಡ್ಡ ಅದ್ಭುತಗಳೂ ಹೀಗೆಯೇ. ನನ್ನ ತಮ್ಮ ಜಾಂಬಿಯಾದಲ್ಲಿ ಕೆಲಸದಲ್ಲಿದ್ದಾಗ ನಾವು ಏಪ್ರಿಲ್‌ನಲ್ಲಿ ವಿಕ್ಟೋರಿಯಾ ಜಲಪಾತಕ್ಕೆ ಹೋಗಿದ್ದೆವು. ಸುಮಾರು 1,700 ಮೀಟರ್ ಅಗಲ, 108 ಮೀಟರ್ ಎತ್ತರ. ಜಾಂಬೆಜಿ ನದಿ ಪೂರ್ತಿಯಾಗಿ ಒಂದು ಕಿರಿದಾದ ಬಿರುಕಿನೊಳಗೆ ಬೀಳುತ್ತದೆ. ಬಿದ್ದ ನೀರು ಹನಿಹನಿಯಾಗಿ ಮತ್ತೆ ಮೇಲೇಳುತ್ತದೆ, ಎದುರಿನ ದಡದಲ್ಲಿ ನಿಂತವರ ಮೇಲೆ ಮಳೆಯಾಗಿ ಸುರಿಯುತ್ತದೆ. ರೇನ್‌ಕೋಟ್ ಹಾಕಿಕೊಂಡರೂ ನೆನೆದು ತೊಪ್ಪೆ. ಸದ್ದು ಎದೆಯೊಳಗೆ ಕೇಳಿಸುತ್ತದೆ. ಕೆಲವೊಮ್ಮೆ ಬಿಳಿ ಹೊಗೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಗಾಳಿ ತಿರುಗಿದರೆ ಥಟ್ಟನೆ ಇಡೀ ಗೋಡೆ ಕಣ್ಣೆದುರು. ತಮ್ಮ ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಸ್ನೇಹಿತರ ಜೊತೆ ಮತ್ತೆ ಹೋದ. ಅದೇ ಜಾಂಬಿಯಾ ಬದಿಯಿಂದ ಫೋಟೋ ಕಳಿಸಿದ. ಬರೀ ಕಪ್ಪು ಬಂಡೆ, ಅಲ್ಲಲ್ಲಿ ನೂಲಿನಷ್ಟು ನೀರು.

ಇನ್ನೊಂದು ವಿಶೇಷ. ನಾವು ಹೋದಾಗ ಅಲ್ಲಿ ಮಳೆಗಾಲ ಮುಗಿದಿತ್ತು. ಬಿಸಿಲು ಚುರುಕಾಗಿತ್ತು. ಹಾಗಾದರೆ ಅಷ್ಟು ನೀರು ಎಲ್ಲಿಂದ? ಅಂಗೋಲಾದಲ್ಲಿ, ಜಾಂಬಿಯಾದ ವಾಯುವ್ಯ ಭಾಗದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿದ್ದ ಮಳೆ ಅದು. ದಾರಿಯಲ್ಲಿ ದೊಡ್ಡ ಬಯಲಿನಲ್ಲಿ ಹರಡಿಕೊಂಡು, ನಿಧಾನವಾಗಿ ಇಳಿದು, ವಾರಗಟ್ಟಲೆ ತಡವಾಗಿ ಜಲಪಾತ ಮುಟ್ಟುತ್ತದೆ. ಭಾಗಮಂಡಲದಲ್ಲಿ ಮಳೆ ಹೊಡೆದರೆ ಬಿಸಿಲಿನಲ್ಲಿರುವ ಮಂಡ್ಯದ ಕಡೆ ಕೆಆರ್‌ಎಸ್ ತುಂಬುತ್ತದಲ್ಲ, ಅದೇ ಸಂಗತಿ. ಸ್ಥಳೀಯ ಹವಾಮಾನ ನೋಡಿ ಹೊರಟರೆ ಈ ನದಿಯ ಲೆಕ್ಕ ಸಿಗುವುದಿಲ್ಲ. ನೀರು ಹುಟ್ಟುವ ಊರಿನ ಲೆಕ್ಕ ಬೇಕು.

ಬೊಲಿವಿಯಾದ ಉಯುನಿ ಉಪ್ಪಿನ ಬಯಲಿಗೆ ನಾನು ಹೋಗಿಲ್ಲ, ಹೋಗುವ ಆಸೆ ಇದೆ. 10,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರ, ಸಮುದ್ರಮಟ್ಟದಿಂದ 3,600 ಮೀಟರ್‌ಗಿಂತ ಮೇಲೆ. ನಮ್ಮ ಕೊಡಗು ಜಿಲ್ಲೆಯ ಎರಡೂವರೆ ಪಟ್ಟು ಬರೀ ಉಪ್ಪು. ಆಕಾಶ ಕೆಳಗೂ ಮೇಲೂ ಇರುವ ಆ ಪ್ರಸಿದ್ಧ ಫೋಟೋ ಇದೆಯಲ್ಲ, ಅದು ಮಳೆ ಬಿದ್ದು ತೆಳುವಾಗಿ ನೀರು ನಿಂತಾಗ ಮಾತ್ರ ಸಿಗುವುದು. ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಜುಲೈನಲ್ಲಿ ಹೋದರೆ ಕನ್ನಡಿ ಇರುವುದಿಲ್ಲ. ಒಣಗಿದ ಉಪ್ಪಿನ ಮೇಲೆ ಆರು ಮೂಲೆಯ ಗೆರೆಗಳು ದಿಗಂತದವರೆಗೆ ಇರುತ್ತವೆ. ಅದೂ ಬೇರೆಯೇ ಚೆಂದ. ಆದರೆ ಏನು ನೋಡಲು ಹೋಗುತ್ತಿದ್ದೇವೆ ಅಂತ ಹೊರಡುವ ಮೊದಲೇ ಗೊತ್ತಿರಬೇಕು.

ನಾರ್ವೆಯ ಟ್ರಾಮ್ಸೋಗೆ ಜೂನ್‌ನಲ್ಲಿ ಹೋದರೆ ಧ್ರುವಪ್ರಭೆ, ಅಂದರೆ ಆಕಾಶದ ಆ ಹಸಿರು ಬೆಳಕು, ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಆಗ ಸೂರ್ಯ ಮುಳುಗುವುದೇ ಇಲ್ಲ. ಕತ್ತಲೆ ಬೇಕು, ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಇದಕ್ಕೆ ತಿಂಗಳ ಜೊತೆ ವರ್ಷದ ಲೆಕ್ಕವೂ ಇದೆ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರುತ್ತದೆ. 2024ರ ಮೇ ತಿಂಗಳಲ್ಲಿ ದೊಡ್ಡ ಸೌರ ಬಿರುಗಾಳಿ ಬಂದಾಗ ನಮ್ಮ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು. ಕೆನಡಾದ ಫಂಡಿ ಕೊಲ್ಲಿಯದ್ದು ಗಂಟೆಯ ಲೆಕ್ಕ. ಅಲ್ಲಿ ಉಬ್ಬರ ಇಳಿತದ ವ್ಯತ್ಯಾಸ 16 ಮೀಟರ್ ತನಕ ಹೋಗುತ್ತದೆ. ಬೆಳಿಗ್ಗೆ ಸಮುದ್ರದ ತಳದಲ್ಲಿ ಬಂಡೆಗಳ ನಡುವೆ ನಡೆದಾಡಿದ ಜಾಗದಲ್ಲೇ ಆರು ಗಂಟೆ ಬಿಟ್ಟು ದೋಣಿ ಹೋಗುತ್ತದೆ.

ಇನ್ನು ಕುರಿಂಜಿ. ಮುನ್ನಾರ್‌ನ ಇರವಿಕುಳಂನಲ್ಲಿ 2006ರಲ್ಲಿ ಅರಳಿದ್ದು ಮತ್ತೆ 2018ರಲ್ಲಿ. ಮುಂದಿನದು 2030. ಒಮ್ಮೆ ಹೂಬಿಟ್ಟು ಬೀಜ ಉದುರಿಸಿ ಗಿಡ ಸಾಯುತ್ತದೆ. ಬೆಟ್ಟದ ತುಂಬ ಒಮ್ಮೆಲೇ ಬೀಜ ಬಿದ್ದರೆ ತಿನ್ನುವ ಪ್ರಾಣಿಪಕ್ಷಿಗಳಿಗೆ ಅಷ್ಟನ್ನೂ ತಿಂದು ಮುಗಿಸಲಾಗದು, ಉಳಿದದ್ದು ಮೊಳೆಯುತ್ತದೆ ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. 2021ರ ಆಗಸ್ಟ್‌ನಲ್ಲಿ ನಮ್ಮ ಮಾಂದಲಪಟ್ಟಿ, ಕೋಟೆಬೆಟ್ಟದ ಕಡೆ ಕುರಿಂಜಿ ಅರಳಿತ್ತು. ಇಳಿಜಾರೆಲ್ಲ ನೀಲಿ. ನೋಡಲು ಬಂದವರಲ್ಲಿ ಕೆಲವರು ಗೊಂಚಲು ಗೊಂಚಲು ಕಿತ್ತುಕೊಂಡು ಹೋದರು. ನನಗೆ ತುಂಬಾ ನೋವಾಯಿತು. ವರ್ಷಗಟ್ಟಲೆ ಕಾದು ಒಂದೇ ಸಲ ಬೀಜ ಮಾಡುವ ಗಿಡ ಅದು. ಮುಂದಿನ ಸಲ ಅಂತ ಅದಕ್ಕೆ ಇಲ್ಲ.

"ರಜೆ ನಮ್ಮ ಕೈಯಲ್ಲಿ ಇರುತ್ತದಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಮಾತು. ಮಕ್ಕಳ ಶಾಲೆ, ಆಫೀಸು, ಮನೆಯಲ್ಲಿ ವಯಸ್ಸಾದವರು, ಎಲ್ಲ ಇರುತ್ತದೆ. ಹಾಗಾದರೆ ಜಾಗಕ್ಕೆ ತಿಂಗಳು ಹುಡುಕುವ ಬದಲು, ಸಿಕ್ಕ ತಿಂಗಳಿಗೆ ಜಾಗ ಹುಡುಕಿ. ಏಪ್ರಿಲ್ ರಜೆಯೇ ಸಿಗುವುದಾದರೆ ವಿಕ್ಟೋರಿಯಾಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ. ಅಷ್ಟು ದುಡ್ಡಿಲ್ಲ ಅಂದರೆ ಮೇ ಕೊನೆಗೆ, ಮುಂಗಾರು ಹಿಡಿಯುವ ಮೊದಲು, ಪಶ್ಚಿಮ ಘಟ್ಟದ ಯಾವುದಾದರೂ ಕತ್ತಲೆ ಕಾಡಂಚಿಗೆ ಬನ್ನಿ. ಒಂದೊಂದು ಮರದಲ್ಲೂ ಸಾವಿರಗಟ್ಟಲೆ ಮಿಂಚುಹುಳ ಒಟ್ಟಿಗೆ ಮಿನುಗುತ್ತವೆ. ಟಾರ್ಚು, ಮೊಬೈಲ್ ಬೆಳಕು ಆರಿಸಿ ನಿಂತರೆ ಸಾಕು. ದಸರಾ ರಜೆಗೆ ಜೋಗ ಚೆನ್ನಾಗಿರಬಹುದು, ಆದರೆ ಅಲ್ಲಿ ಲಿಂಗನಮಕ್ಕಿಯಿಂದ ಎಷ್ಟು ನೀರು ಬಿಡುತ್ತಾರೆ ಅಂತಲೂ ವಿಚಾರಿಸಬೇಕು. ಡಿಸೆಂಬರ್ ರಜೆಯವರಿಗೆ ಮೆಕ್ಸಿಕೋದ ಮಿಚೋಕಾನ್ ಇದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮೊನಾರ್ಕ್ ಚಿಟ್ಟೆಗಳು ಅಲ್ಲಿನ ಎತ್ತರದ ಕಾಡಿನಲ್ಲಿ ಕೊಂಬೆ ಬಾಗುವಷ್ಟು ಕೂತಿರುತ್ತವೆ. ವಸಂತದಲ್ಲಿ ಉತ್ತರಕ್ಕೆ ಹೋದ ಚಿಟ್ಟೆಗಳು ತಿರುಗಿ ಬರುವುದಿಲ್ಲ. ಬರುವುದು ಅವುಗಳ ಮೊಮ್ಮಕ್ಕಳೋ ಮರಿಮಕ್ಕಳೋ. ಯಾವತ್ತೂ ನೋಡದ ಕಾಡಿಗೆ ದಾರಿ ಹುಡುಕಿಕೊಂಡು ಬರುತ್ತವೆ.

ಒಂದು ಮಾತನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಜಾಗಗಳ ಒಳ್ಳೆಯ ಕಾಲ ನಮಗೆ ಹೋಗಬಾರದ ಕಾಲವೂ ಆಗಿರುತ್ತದೆ. ಇರ್ಪು, ಮಲ್ಲಳ್ಳಿ, ಚೇಲಾವರ ಎಲ್ಲ ಜುಲೈ, ಆಗಸ್ಟ್‌ನಲ್ಲಿ ತುಂಬಿ ಧುಮುಕುತ್ತವೆ. ಹಾಗಂತ ಆ ಮಳೆಯಲ್ಲಿ ಬಂಡೆ ಮೇಲೆ ಇಳಿದು ಸೆಲ್ಫಿ ತೆಗೆಯುವುದು ಬೇಡ. 2018ರ ಆಗಸ್ಟ್‌ನಲ್ಲಿ ಇಲ್ಲಿ ಬೆಟ್ಟಗಳೇ ಜರಿದು ಬಂದದ್ದನ್ನು ನಾವು ನೋಡಿದ್ದೇವೆ. ಮನೆ, ತೋಟ, ಜೀವ ಎಲ್ಲ ಹೋಯಿತು. ಮಳೆ ಜೋರಾದಾಗ ಚಾರಣ ನಿಲ್ಲಿಸುತ್ತಾರೆ, ಗೇಟ್ ಹಾಕುತ್ತಾರೆ. ಆಗ ಗೇಟಿನ ಹತ್ತಿರ ಜಗಳ ಮಾಡಬೇಡಿ. ಸೆಪ್ಟೆಂಬರ್ ಕೊನೆಗೆ ಬನ್ನಿ. ನೀರು ಇನ್ನೂ ಇರುತ್ತದೆ, ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ.

ನನಗೆ ಇತ್ತೀಚೆಗೆ ಕಾಡುವ ಭಯ ಬೇರೆ. ಈ ತಿಂಗಳುಗಳೇ ತಪ್ಪುತ್ತಿವೆ. ಹೂಮಳೆ ನಂಬಿ ಕೂರುವ ಧೈರ್ಯ ಈಗ ಬೆಳೆಗಾರರಲ್ಲಿ ಇಲ್ಲ. ನೀರು ಇದ್ದವರು ಫೆಬ್ರವರಿಯಲ್ಲೇ ಸ್ಪ್ರಿಂಕ್ಲರ್ ಹಚ್ಚುತ್ತಾರೆ. ಇಲ್ಲದವರು ಮೋಡ ನೋಡುತ್ತಾರೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನವೆಂಬರ್ ಸುಮಾರಿಗೆ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಹವಳಗಳು ಒಟ್ಟಿಗೆ ಮೊಟ್ಟೆ ಬಿಡುತ್ತವೆ, ನೀರೆಲ್ಲ ಗುಲಾಬಿ ಕಾಳು ಚೆಲ್ಲಿದ ಹಾಗೆ ಆಗುತ್ತದೆ. ಅದೇ ಹವಳಗಳು 2016, 2017, 2020, 2022, 2024ರಲ್ಲಿ ಬಿಸಿ ನೀರಿಗೆ ಸಿಕ್ಕಿ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡವು. ಹುಣ್ಣಿಮೆ ಸರಿಯಾಗಿಯೇ ಬರುತ್ತದೆ, ಸಮುದ್ರದ ಬಿಸಿ ಲೆಕ್ಕ ತಪ್ಪಿದೆ.

ಅದಕ್ಕೇ ಕೊಡಗಿನ ಹೋಮ್‌ಸ್ಟೇ, ರೆಸಾರ್ಟ್, ಟ್ಯಾಕ್ಸಿಯವರಿಗೆ, ರೀಲ್ಸ್ ಮಾಡುವ ಮಕ್ಕಳಿಗೆ ನನ್ನದೊಂದು ಕೋರಿಕೆ. ಫೋಟೋ ಹಾಕುವಾಗ ತಿಂಗಳು ಬರೆಯಿರಿ. ಅಷ್ಟು ಸಾಕು. ಒಂದಿಬ್ಬರು ಬುಕಿಂಗ್ ಬಿಟ್ಟರೂ ಪರವಾಗಿಲ್ಲ. ಬಂದವರು ಬಯ್ಯದೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ನಮ್ಮ ಮನೆಯಲ್ಲಿ ಈ ವಾರ ಹಳೆಯ ಫೋಟೋಗಳಿಗೆಲ್ಲ ಬರೆದು ಮುಗಿಸಿದೆವು. ಇರ್ಪು, ಸೆಪ್ಟೆಂಬರ್ ಕೊನೆ. ತಡಿಯಂಡಮೋಳ್ ಬೆಟ್ಟ, ನವೆಂಬರ್‌ನಿಂದ ಜನವರಿ, ಅರಣ್ಯ ಇಲಾಖೆಯ ನಿಯಮ ವಿಚಾರಿಸಿಕೊಂಡು. ಕಾಫಿ ಹೂ, ಮಳೆ ಬಿದ್ದ ಎಂಟು ಹತ್ತು ದಿನಕ್ಕೆ, ತಾರೀಕು ಈಗ ಹೇಳಲಾಗದು, ಮಾರ್ಚ್‌ನಲ್ಲಿ ಫೋನ್ ಮಾಡಿ.